ಹತ್ತರಲ್ಲಿ ಒಂದೇ ಕಣ

“ಕೀಬೋರ್ಡಿಂದ ಕೈ ತೆಗೀರಿ,” ಎಂದೆ.

ಹೊಗೆಯಕ್ಕ ತೆಗೆಯಲಿಲ್ಲ. ಒಂದು ಕೈ ಕೀಬೋರ್ಡಿನ ಮೇಲಿತ್ತು, ಇನ್ನೊಂದರಲ್ಲಿ ಅರ್ಧ ಕಚ್ಚಿದ ಬಿಸ್ಕತ್ತು.

“ಮೇಡಂ, ನಾನು ಏನೂ ಅಳಿಸ್ತಿಲ್ಲ. ಬೆಳಿಗ್ಗೆಯಿಂದ ಮಾಡಿದ ಕೆಲಸ ಸೇವ್ ಮಾಡ್ತಿದೀನಿ. ಅಷ್ಟೊಂದು ಅನುಮಾನ ಇದ್ರೆ ಬನ್ನಿ, ನೀವೇ ಒತ್ತಿ.”

ಹೋಗಿ ಒತ್ತಿದೆ. ನಿಜವಾಗಿಯೂ ಸೇವ್ ಆಯಿತು. ಕಿವಿ ಬಿಸಿಯಾಯಿತು, ಆದರೆ ತೋರಿಸಿಕೊಳ್ಳಲಿಲ್ಲ.

ಸ್ಟುಡಿಯೋದಲ್ಲಿ ಎಲ್ಲರೂ ಆಕೆಯನ್ನು ಹೊಗೆಯಕ್ಕ ಅಂತಲೇ ಕರೆಯುವುದು. ಹದಿನೆಂಟು ವರ್ಷದಿಂದ ಕಂಪ್ಯೂಟರಿನಲ್ಲಿ ಹೊಗೆ, ಧೂಳು, ಮಂಜು, ಬೂದಿ ಮಾಡುವುದೇ ಅವರ ಕೆಲಸ. ಜಾಹೀರಾತಿಗೆ ಹಾರುವ ಪೌಡರ್ ಬೇಕೆಂದರೂ ಅವರೇ, ಕೋರ್ಟಿಗೆ ಒಂದು ಅವಘಡ ಹೇಗೆ ನಡೆಯಿತು ಅಂತ ತೋರಿಸುವ ವಿಡಿಯೋ ಬೇಕೆಂದರೂ ಅವರೇ.

ಆ ಎರಡನೇ ಥರದ ವಿಡಿಯೋ ಒಂದರಿಂದಲೇ ನಾನೀಗ ಅಲ್ಲಿ ನಿಂತಿದ್ದೆ. ಒಂದೂವರೆ ವರ್ಷದ ಹಿಂದೆ ರಟ್ಟಿನ ಗೋದಾಮಿಗೆ ಬೆಂಕಿ ಬಿದ್ದು ಪ್ಯಾಕಿಂಗ್ ಕೆಲಸದ ಇಬ್ಬರು ಹೆಂಗಸರು ಒಳಗೇ ಉಸಿರುಕಟ್ಟಿ ಸತ್ತರು. ಎಂಟೇ ಹೆಜ್ಜೆ ದೂರದಲ್ಲಿದ್ದ ಕಾವಲುಗಾರ ಬಾಗಿಲು ತೆಗೆಯಲಿಲ್ಲ ಎಂದು ಕೇಸಾಯಿತು. ‘ಹೊಗೆ ತೆಳುವಾಗಿತ್ತು, ಬಾಗಿಲು ಸ್ಪಷ್ಟವಾಗಿ ಕಾಣುತ್ತಿತ್ತು’ ಎಂದು ವಿಮೆಯ ತನಿಖಾ ವರದಿಯಲ್ಲಿ ಬರೆದವಳು ನಾನು. ಬರೆದದ್ದು ಈ ವಿಡಿಯೋ ನೋಡಿ.

ಇವತ್ತು ಮಧ್ಯಾಹ್ನ ಮೂರಕ್ಕೆ ತೀರ್ಪು.

ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾವಲುಗಾರನ ಮಗಳು ಕೂತಿದ್ದಳು. ಟೈಲರ್. ಕುತ್ತಿಗೆಗೆ ಅಳತೆ ಪಟ್ಟಿ ಹಾಕಿಕೊಂಡೇ ಬಂದಿದ್ದಾಳೆ, ತೆಗೆದಿಡುವುದು ಮರೆತಿದೆ. ಬೆಳಿಗ್ಗೆ ನನ್ನ ಮನೆ ಬಾಗಿಲು ತಟ್ಟಿ, ಮಾತಿಲ್ಲ ಕತೆಯಿಲ್ಲ, ಒಂದು ಫೋಟೋ ಮುಂದೆ ಹಿಡಿದವಳು ಇವಳೇ. ಗೋದಾಮಿನ ಎದುರಿನ ಅಂಗಡಿಯವನು ಅವತ್ತು ಫೋನಲ್ಲಿ ತೆಗೆದ ಫೋಟೋ. ಅದರಲ್ಲಿ ಬಾಗಿಲು ಹೋಗಲಿ, ಗೋಡೆಯೂ ಕಾಣುತ್ತಿರಲಿಲ್ಲ. ಬರೀ ಕಪ್ಪು.

ನನ್ನ ವಿಡಿಯೋದಲ್ಲಿ ಮಾತ್ರ ಚಿಲಕದ ಮೊಳೆ ಎಣಿಸಬಹುದಿತ್ತು.

“ನೇರವಾಗಿ ಕೇಳ್ತೀನಿ ಅಕ್ಕ,” ಎಂದೆ. “ಹೊಗೆ ತೆಳು ಮಾಡಿ ಅಂತ ನಿಮಗೆ ಹೇಳಿದ್ಯಾರು?”

“ತೆಳು ಮಾಡೋಕೆ ಅದೇನು ಹಾಲಾ, ನೀರು ಬೆರೆಸೋಕೆ?”

“ಹಾರಿಕೆ ಉತ್ತರ ಬೇಡ.”

“ಹಾರಿಕೆ ಅಲ್ಲಮ್ಮ, ಉರಿ!” ಬಿಸ್ಕತ್ತನ್ನು ಮೇಜಿನ ಮೇಲೆ ಕುಕ್ಕಿದರು. “ಹದಿನೆಂಟು ವರ್ಷ ಈ ಕೆಲಸ ಮಾಡಿದೀನಿ. ಒಂದು ಊದಿನಕಡ್ಡಿ ಹೊಗೇನೂ ನಾನು ಸುಳ್ಳು ಮಾಡಿಲ್ಲ. ಬೆಂಕಿ ಎಲ್ಲಿ ಶುರುವಾಯ್ತು, ರಟ್ಟು ಎಷ್ಟಿತ್ತು, ಗಾಳಿ ಎಲ್ಲಿಂದ ಬಂತು, ಎಲ್ಲಾ ನೀವು ಕೊಟ್ಟಿದ್ದು. ಹೊಗೆ ಹೇಗೆ ಹರಡತ್ತೆ ಅಂತ ಲೆಕ್ಕ ಹಾಕೋಕೆ ಮೂರು ದಿನ ಮಷೀನ್ ಓಡಿದೆ. ನಲವತ್ತು ಕೋಟಿ ಕಣ! ಒಂದೊಂದು ಕಣಾನೂ ಎಲ್ಲಿತ್ತು ಅಂತ ಫೈಲಲ್ಲಿ ಇನ್ನೂ ಇದೆ.”

“ಹಾಗಾದ್ರೆ ವಿಡಿಯೋದಲ್ಲಿ ಆ ಕಣ ಎಲ್ಲ ಎಲ್ಲಿಗೆ ಹೋದ್ವು?”

ಹೊಗೆಯಕ್ಕ ನಾನು ಮೇಜಿನ ಮೇಲಿಟ್ಟ ಫೋಟೋವನ್ನು ಆಗಲೇ ಮೊದಲ ಸಲ ಸರಿಯಾಗಿ ನೋಡಿದ್ದು.

“ಇದು ಯಾವಾಗಿಂದು?”

“ಅವತ್ತಿಂದೇ. ಬೆಂಕಿಯ ಗಂಟೆ ಹೊಡೆದ ಮೊದಲ ನಿಮಿಷದ್ದು.”

“ನನಗ್ಯಾರೂ ತೋರಿಸ್ಲೇ ಇಲ್ವಲ್ಲ,” ಎಂದರು. ಧ್ವನಿ ಇಳಿದಿತ್ತು. ಕನ್ನಡಕ ಹಣೆಗೇರಿಸಿ, ಮತ್ತೆ ಇಳಿಸಿ, ಕುರ್ಚಿಯನ್ನು ಪಕ್ಕದ ಕಂಪ್ಯೂಟರಿಗೆ ಎಳೆದುಕೊಂಡರು.

ಕಂಪ್ಯೂಟರ್ ವಿಚಾರ ಎಂದರೆ ನನಗೆ ತಲೆಬುಡ ಗೊತ್ತಿಲ್ಲ, ಅವರು ವಿವರಿಸಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಹೊಗೆಯ ಲೆಕ್ಕ ಹಾಕುವುದು ಒಂದು ಕೆಲಸ, ಆ ಲೆಕ್ಕವನ್ನು ಚಿತ್ರ ಮಾಡುವುದು ಬೇರೆ ಕೆಲಸ. ಚಿತ್ರ ಮಾಡುವ ಸಾಫ್ಟ್‌ವೇರಿಗೆ ಸ್ಟುಡಿಯೋದವರು ‘ಹುಡಿ’ ಎಂದು ಅಡ್ಡಹೆಸರು ಇಟ್ಟಿದ್ದಾರೆ. ಹಳೆಯ ಹುಡಿ ಒಂದು ದೊಡ್ಡ ಅನಿಮೇಷನ್ ಸಾಫ್ಟ್‌ವೇರಿನ ಹೊಟ್ಟೆಯೊಳಗೇ ಕೂತಿರುತ್ತಿತ್ತು. ಅದನ್ನು ತೆರೆಯದೆ ಇದು ಓಡುತ್ತಿರಲಿಲ್ಲ. ಬೆಂಕಿಯ ಕೇಸು ಬರುವ ಹೊತ್ತಿಗೆ ಸರಿಯಾಗಿ ಹುಡಿಯ ಮೂರನೇ ಆವೃತ್ತಿ ಬಂತು.

“ಇದು ಸ್ವತಂತ್ರ. ಕೂಡು ಕುಟುಂಬದಿಂದ ಹೊರಗೆ ಬಂದು ಬೇರೆ ಮನೆ ಮಾಡಿದ ಹಾಗೆ,” ಎಂದರು ಹೊಗೆಯಕ್ಕ. ಹೇಳುವಾಗ ಆ ಸಂಕಟದಲ್ಲೂ ಮುಖದಲ್ಲಿ ಒಂದು ಖುಷಿ ಮಿಂಚಿತು. “ಯಾರು ಮಾಡಿದ ಕಣ ಕೊಟ್ರೂ ಓದತ್ತೆ. ನೂರು ಕೋಟಿ ಕೊಟ್ರೂ ಏದುಸಿರು ಬಿಡಲ್ಲ. ಹೊಗೆ ನೆರಳು ಹೊಗೆ ಮೇಲೇ ಬೀಳತ್ತೆ, ಓಡೋ ಕಣ ಓಡಿದ ಹಾಗೇ ಕಾಣತ್ತೆ. ಕಿಟಕಿ ಇಲ್ಲ, ಗುಂಡಿ ಇಲ್ಲ, ಏನೂ ಇಲ್ಲ. ಒಂದು ಸಾಲು ಆಜ್ಞೆ ಟೈಪ್ ಮಾಡಿ ಮನೆಗೆ ಹೋದ್ರೆ, ಬರೋ ಹೊತ್ತಿಗೆ ಚಿತ್ರ ರೆಡಿ. ಎಷ್ಟು ಕಾದಿದ್ದೆ ಗೊತ್ತಾ ನಾನು ಅದಕ್ಕೆ!”

“ಕಿಟಕಿ ಇಲ್ಲ ಅಂದ್ರೆ, ಏನಾದ್ರೂ ತಪ್ಪಾದ್ರೆ ಅದು ನಿಮಗೆ ಎಲ್ಲಿ ಹೇಳತ್ತೆ?”

“ಲಾಗ್ ಫೈಲಲ್ಲಿ ಬರೆದಿಡತ್ತೆ.”

“ನೀವು ಅದನ್ನ ನೋಡ್ತೀರಾ?”

ಮನೆಗೆ ಬಂದ ಕರೆಂಟ್ ಬಿಲ್ಲಿನ ಹಿಂಬದಿ ಯಾರು ಓದುತ್ತಾರೆ?

ಹೊಗೆಯಕ್ಕ ಮೊದಲು ಲಾಗ್ ಹುಡುಕಲಿಲ್ಲ. ಹುಡಿ ಮೂರರ ಜತೆ ಬಂದ ‘ಹೊಸತೇನು’ ಎಂಬ ಪುಟ ತೆರೆದರು. ಇಪ್ಪತ್ತಮೂರು ಅಂಶಗಳಿದ್ದವು. ಮೊದಲ ಐದಾರರ ಪಕ್ಕ ಅವರೇ ನಕ್ಷತ್ರ ಹಾಕಿದ್ದರು, ಮಕ್ಕಳು ಇಷ್ಟದ ಆಟಿಕೆಗೆ ಗುರುತು ಹಾಕುವ ಹಾಗೆ. ಅಲ್ಲಿಂದ ಕೆಳಗೆ ಓದಿದಂತೆ ಕಾಣಲಿಲ್ಲ. ನಕ್ಷತ್ರವೂ ಇಲ್ಲ, ಗೀಟೂ ಇಲ್ಲ.

ಅವರ ಬೆರಳು ಪರದೆಯ ಮೇಲೆ ಕೆಳಗಿಳಿಯುತ್ತಾ ಹತ್ತೊಂಬತ್ತರಲ್ಲಿ ನಿಂತಿತು.

‘ಲೈಸೆನ್ಸ್ ಸಿಗದಿದ್ದಾಗ ಕೆಲಸ ನಿಲ್ಲುವುದಿಲ್ಲ. ಪ್ರತಿ ಹತ್ತು ಕಣಗಳಲ್ಲಿ ಒಂದನ್ನು ಮಾತ್ರ ಚಿತ್ರಿಸಲಾಗುತ್ತದೆ. ಚಿತ್ರದ ಮೇಲೆ ಯಾವ ಗುರುತೂ ಇರುವುದಿಲ್ಲ. ಎಚ್ಚರಿಕೆಯನ್ನು ಲಾಗ್ ಫೈಲಿನಲ್ಲಿ ದಾಖಲಿಸಲಾಗುತ್ತದೆ.’

“ಅಯ್ಯೋ ದೇವರೇ,” ಎಂದರು ಹೊಗೆಯಕ್ಕ.

“ಬಿಡಿಸಿ ಹೇಳಿ.”

“ನಮ್ಮ ಹತ್ರ ನಾಲ್ಕು ಲೈಸೆನ್ಸ್ ಇದೆ. ಲೈಬ್ರರೀಲಿ ಒಂದೇ ಪುಸ್ತಕದ ನಾಲ್ಕು ಪ್ರತಿ ಇದ್ದ ಹಾಗೆ. ಹುಡಿ ಓಡಿಸೋವಾಗ ಮಷೀನು ಒಂದನ್ನ ತಗೊಳ್ಳತ್ತೆ, ಮುಗಿದ ಮೇಲೆ ವಾಪಸ್ ಇಡತ್ತೆ. ನಾಲ್ಕೂ ಹೊರಗೆ ಹೋಗಿದ್ರೆ ಐದನೆಯವನಿಗೆ ಇಲ್ಲ. ಹಳೇ ಹುಡಿ ಆಗಲ್ಲ ಅಂತ ಕೂಗಿ ನಿಂತ್ಬಿಡ್ತಿತ್ತು, ಇಲ್ಲಾಂದ್ರೆ ಚಿತ್ರದ ಮೇಲೆ ದಪ್ಪ ಅಡ್ಡಗೆರೆ ಎಳೀತಿತ್ತು. ಕುರುಡನಿಗೂ ಕಾಣ್ತಿತ್ತು! ಇದು… ಇದು ಸುಮ್ನೆ ಹತ್ತರಲ್ಲಿ ಒಂದು ಕಣ ಬಿಡಿಸಿ, ತಗೋ ಅಂತ ಕೊಟ್ಬಿಟ್ಟಿದೆ.”

ಹತ್ತರಲ್ಲಿ ಒಂದು. ನಲವತ್ತು ಕೋಟಿಯಲ್ಲಿ ನಾಲ್ಕು ಕೋಟಿ. ಬಾಗಿಲು ಕಾಣದೆ ಇರುತ್ತದೆಯೇ!

“ತೆಳುವಾಗಿದೆ ಅಂತ ನಿಮ್ಮ ಕಣ್ಣಿಗೆ ಹೊಳೀಲಿಲ್ವಾ? ಹದಿನೆಂಟು ವರ್ಷದ ಕಣ್ಣು!”

“ಅದೇ ಮೇಡಂ ಅಭ್ಯಾಸ.” ಅವರು ತಲೆ ತಗ್ಗಿಸಿದರು. “ನಾವು ಪ್ರಯೋಗ ನೋಡೋವಾಗೆಲ್ಲ ಹತ್ತರಲ್ಲಿ ಒಂದೇ ಕಣ ಬಿಡಿಸ್ತೀವಿ, ಬೇಗ ಆಗ್ಲಿ ಅಂತ. ಅದಕ್ಕೆ ಸರಿಯಾಗಿ ಒಂದೊಂದು ಕಣದ ದಪ್ಪಾನ ಹತ್ತು ಪಟ್ಟು ಮಾಡ್ತೀವಿ. ನೋಡೋಕೆ ಎರಡೂ ಒಂದೇ. ಕೊನೇ ಚಿತ್ರಕ್ಕೆ ದಪ್ಪಾನ ಒಂದಕ್ಕೆ ಇಳಿಸಿ ಎಲ್ಲಾ ಕಣ ಬಿಡಿಸ್ತೀವಿ. ಅವತ್ತು ಇಳಿಸಿದೀನಿ. ನೂರಕ್ಕೆ ನೂರು ಇಳಿಸಿದೀನಿ. ಆದ್ರೆ ಕಣ ಮಾತ್ರ…”

ಬೆರಳು ಮತ್ತೆ ಆ ಹತ್ತೊಂಬತ್ತನೇ ಸಾಲಿಗೆ ಹೋಯಿತು.

ಬಾಗಿಲ ಬಳಿಯಿಂದ ಟೈಲರ್ ಮೊದಲ ಸಲ ಬಾಯಿಬಿಟ್ಟಳು. “ಅವತ್ತು ಆ ನಾಲ್ಕು ಯಾರ ಹತ್ರ ಇತ್ತು?”

ಒಳ್ಳೆಯ ಪ್ರಶ್ನೆ. ನಾನು ಕೇಳಬೇಕಾಗಿದ್ದದ್ದು.

ಲೈಸೆನ್ಸ್ ಕೊಡುವ ಸರ್ವರಿನ ದಾಖಲೆ ತೆರೆದರು. ವಿಡಿಯೋದ ಕೊನೇ ಚಿತ್ರ ಮಾಡಿದ ಶುಕ್ರವಾರ, ಮಧ್ಯಾಹ್ನ ಎರಡು ಗಂಟೆ ಆರು ನಿಮಿಷ. ಮೂರು ಲೈಸೆನ್ಸ್ ಪಕ್ಕದ ಕೋಣೆಯ ಮೂರು ಮಷೀನುಗಳ ಹೆಸರಲ್ಲಿ. ಅಲ್ಲಿ ಟೂತ್‌ಪೇಸ್ಟ್ ಜಾಹೀರಾತು ಓಡುತ್ತಿತ್ತಂತೆ. ನಾಲ್ಕನೆಯದರ ಮುಂದಿನ ಹೆಸರನ್ನು ಹೊಗೆಯಕ್ಕ ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮೂರನೇ ಸಲ.

“ಯಾರದು?” ಎಂದೆ. ಸಿಕ್ಕಿಬಿದ್ದ ಎಂದೇ ನನ್ನ ಲೆಕ್ಕ. ಯಾರೋ ಬೇಕೆಂದೇ ಲೈಸೆನ್ಸ್ ಅಡಗಿಸಿಟ್ಟಿದ್ದಾನೆ, ಅವನೇ ಕಳ್ಳ.

“ನಂದು.”

“ಅಂದ್ರೆ?”

“ಈ ಮೇಜು. ನಾನೇ.” ಅವರ ಕೈ ಮೇಜಿನ ಅಂಚನ್ನು ಸವರಿತು. “ಪ್ರಯೋಗದ ಚಿತ್ರ ನೋಡ್ತಾ ಇದ್ದೆ, ಅದನ್ನ ಮುಚ್ಚಲಿಲ್ಲ. ಕನ್ನಡಕ ರಿಪೇರಿಗೆ ಕೊಟ್ಟಿದ್ದೆ, ಅಂಗಡಿ ಬಾಗಿಲು ಹಾಕ್ತಾನೆ ಅಂತ ಅವಸರ. ದೊಡ್ಡ ಮಷೀನಿಗೆ ಆಜ್ಞೆ ಕೊಟ್ಟು ಎದ್ದು ಹೋದೆ. ನನ್ನ ಲೈಸೆನ್ಸ್ ಮೇಲೆ ನಾನೇ ಕೂತಿದ್ದೆ ಮೇಡಂ.”

ಕಳ್ಳನನ್ನು ಹುಡುಕಿಕೊಂಡು ಬಂದರೆ ಸಿಕ್ಕಿದ್ದು ಒಂದು ಕನ್ನಡಕದ ಅಂಗಡಿ.

ಬಯ್ಯಬೇಕೆಂದುಕೊಂಡೆ. ಬಯ್ಯುವ ಬಾಯಿ ಎಲ್ಲಿತ್ತು? ಆಕೆ ಹತ್ತೊಂಬತ್ತನೇ ಸಾಲು ಓದಲಿಲ್ಲ. ನಾನು ಎದುರಿನ ಅಂಗಡಿಗೆ ಹೋಗಿ ‘ಏನಪ್ಪಾ, ಫೋಟೋ ಗೀಟೋ ತೆಗೆದಿದ್ಯಾ’ ಎಂದು ಕೇಳಲಿಲ್ಲ. ರಸ್ತೆ ದಾಟಿದ್ದರೆ ಸಾಕಿತ್ತು, ಇಪ್ಪತ್ತು ಹೆಜ್ಜೆ. ವಿಡಿಯೋ ಅಷ್ಟು ಚೆನ್ನಾಗಿತ್ತಲ್ಲ! ಕೂತಲ್ಲೇ ವರದಿ ಬರೆದೆ.

“ಕಳಿಸೋ ಮುಂಚೆ ನಂಗೂ ಸ್ವಲ್ಪ ತೆಳು ಅನ್ನಿಸ್ತು,” ಎಂದರು ಹೊಗೆಯಕ್ಕ ಮೆಲ್ಲಗೆ. “ಸುಳ್ಳು ಹೇಳಲ್ಲ. ನಿಮ್ಮ ಆಫೀಸಿಗೆ ಫೋನೂ ಮಾಡಿದೆ. ‘ಬಾಗಿಲು ಕಾಣ್ತಿದೆಯಲ್ಲ, ಅಷ್ಟು ಸಾಕು, ಕಳಿಸಿ’ ಅಂದ್ರು.”

“ಯಾರು ಹಾಗಂದಿದ್ದು?”

“ನಿಮ್ಮ ದೊಡ್ಡ ಸಾಹೇಬ್ರು.”

ದೊಡ್ಡ ಸಾಹೇಬರೆಂದರೆ ನನ್ನ ಸೋದರಮಾವ. ಆಫೀಸು ಅವರದು. ಅಮ್ಮನ ಬೆನ್ನಿಗೆ ಹುಟ್ಟಿದ ತಮ್ಮ, ನನಗೆ ಈ ಕೆಲಸ ಕಲಿಸಿದ ಗುರು. ಸುಟ್ಟ ಮರ ಮೂಸಿ ಬೆಂಕಿ ಎಲ್ಲಿ ಹುಟ್ಟಿತು ಎಂದು ಹೇಳುವ ಮೂಗು ಅವರದು. ಅವರು ಹಾಗೆಂದಿದ್ದರೆ ಏನೋ ಅವಸರದಲ್ಲಿ ಅಂದಿರಬೇಕು. ಆ ಕ್ಷಣಕ್ಕೆ ಹಾಗೇ ಅಂದುಕೊಂಡೆ, ಮುಂದಕ್ಕೆ ಹೋದೆ.

“ಈಗ ಎಲ್ಲಾ ಕಣ ಹಾಕಿ ಮತ್ತೆ ಮಾಡಬಹುದಾ?”

“ಲೆಕ್ಕ ಹಾಕಿಟ್ಟಿದ್ದು ಹಾಗೇ ಇದೆ. ಚಿತ್ರ ಮಾತ್ರ ಮಾಡ್ಬೇಕು. ಪೂರ್ತಿ ವಿಡಿಯೋ ಆಗಲ್ಲ, ಬಾಗಿಲ ಹತ್ತಿರದ ಮೊದಲ ಒಂದು ನಿಮಿಷ ಮಾಡ್ತೀನಿ, ಸೆಕೆಂಡಿಗೆ ಎರಡೇ ಚಿತ್ರ.” ಗಡಿಯಾರ ನೋಡಿದರು. ಹನ್ನೊಂದೂವರೆ. “ಎರಡಕ್ಕೆ ಕೊಡ್ತೀನಿ.”

ಕಾವಲುಗಾರನ ವಕೀಲರು ಹೇಳಿದ್ದರು: ಎರಡೂಮುಕ್ಕಾಲರೊಳಗೆ ಏನಾದರೂ ಕೈಗೆ ಬಂದರೆ ತೀರ್ಪು ತಡೆಯಿರಿ ಎಂದು ಕೇಳಬಹುದು. ಆಮೇಲೆ ಬಂದರೆ ಜೈಲಿನ ಬಾಗಿಲಿಗೆ ಹೋಗಿ ತೋರಿಸಬೇಕಾಗುತ್ತದೆ.

ಹೊಗೆಯಕ್ಕ ಎದ್ದರು. ಪಕ್ಕದ ಕೋಣೆಗೆ ಹೋಗಿ ಒಂದೊಂದು ಮಷೀನನ್ನೂ ತಾವೇ ನೋಡಿದರು, ಹುಡಿ ಎಲ್ಲೆಲ್ಲಿ ತೆರೆದಿತ್ತೋ ಎಲ್ಲ ಮುಚ್ಚಿಸಿದರು. “ಏನಕ್ಕಾ, ನಮ್ಮ ಕೆಲಸ?” ಎಂದು ಯಾರೋ ಗೊಣಗಿದರು. “ನಿಮ್ಮ ಶಾಂಪೂ ನೊರೆ ಒಂದು ದಿನ ತಡವಾದ್ರೆ ಯಾರ ತಲೇನೂ ಹೋಗಲ್ಲ ಕಣ್ರೋ!” ಎಂದು ಇವರು ಕೂಗಿದ್ದು ಇಲ್ಲಿಗೂ ಕೇಳಿಸಿತು. ವಾಪಸ್ ಬಂದು ಒಂದು ಸಾಲು ಟೈಪ್ ಮಾಡಿದರು. ಈ ಸಲ ಲಾಗ್ ಫೈಲನ್ನೂ ಪಕ್ಕದಲ್ಲೇ ತೆರೆದಿಟ್ಟುಕೊಂಡರು. ‘ಲೈಸೆನ್ಸ್ ಸಿಕ್ಕಿದೆ’ ಎಂಬ ಸಾಲು ಬರುವವರೆಗೆ ಉಸಿರು ಬಿಡಲಿಲ್ಲ.

ಕಾಯುವುದು ಶುರುವಾಯಿತು.

ನಾನು ಟೈಲರ್ ಪಕ್ಕ ಹೋಗಿ ಕೂತೆ. ಕೂತದ್ದೇ ತಪ್ಪಾಯಿತೇನೋ, ಅವಳು ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿದಳು.

“ನಿಮ್ಮಪ್ಪ ಹೇಗಿದ್ದಾರೆ?” ಎಂದೆ. ಕೇಳುವುದಕ್ಕೆ ಇನ್ನೇನೂ ತೋಚಲಿಲ್ಲ.

“ಹೇಗಿರ್ತಾರೆ? ನಿಮ್ಮ ವರದಿ ಪೇಪರಲ್ಲಿ ಬಂದ ದಿನದಿಂದ ಅಂಗಡಿಗೂ ಹೋಗಲ್ಲ. ಹೋದ್ರೆ ‘ಬಾಗಿಲು ಕಾಣ್ತೇನಪ್ಪಾ?’ ಅಂತಾರಂತೆ ಹುಡುಗ್ರು.”

“ನನ್ನದು ತಪ್ಪಾಯ್ತು.”

“ಇಷ್ಟು ಬೇಗ ಹೇಳ್ಬೇಡಿ ಮೇಡಂ. ನಿಮಗೆ ಹಗುರ ಆಗತ್ತೆ, ನನಗೆ ಆಗಲ್ಲ.”

ಗಾಜಿನಾಚೆಯ ಕೋಣೆಯಲ್ಲಿ ಮಷೀನುಗಳ ಫ್ಯಾನು ಒಂದೇ ಸಮ ಕೂಗುತ್ತಿತ್ತು. ಬಹಳ ಹೊತ್ತಾದ ಮೇಲೆ, ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ:

“ಅಪ್ಪ ಮೊದಲ ದಿನದಿಂದ ಒಂದೇ ಮಾತು. ‘ಏನೂ ಕಾಣ್ಲಿಲ್ಲ ಮಗಾ, ಕೈ ಚಾಚಿದ್ರೆ ಕೈ ಕಾಣ್ಲಿಲ್ಲ’ ಅಂತ. ನಿಮ್ಮ ವಿಡಿಯೋ ನೋಡಿದ ದಿನ ನಾನೂ ಕೇಳಿಬಿಟ್ಟೆ. ‘ನಿಜ ಹೇಳಪ್ಪ, ಹೆದರಿಕೊಂಡು ಓಡಿದ್ಯಾ? ನನಗೊಬ್ಬಳಿಗೆ ಹೇಳು, ಯಾರಿಗೂ ಹೇಳಲ್ಲ’ ಅಂತ.”

“ಅವರೇನಂದ್ರು?”

“ಏನೂ ಅನ್ಲಿಲ್ಲ. ಅವತ್ತಿಂದ ನನ್ನ ಹತ್ರ ಏನೂ ಅಂದಿಲ್ಲ. ತಟ್ಟೆ ಇಟ್ರೆ ಊಟ ಮಾಡ್ತಾರೆ, ಎದ್ದು ಹೋಗ್ತಾರೆ.” ಅಳತೆ ಪಟ್ಟಿಯ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ನೀವಾದ್ರೂ ಹೊರಗಿನೋರು.”

ಎದ್ದು ಹೋಗಿ ನೀರು ತಂದಿಟ್ಟೆ, ಅವಳು ಮುಟ್ಟಲಿಲ್ಲ.

ಎರಡಕ್ಕೆ ಐದು ನಿಮಿಷವಿದ್ದಾಗ ಹೊಗೆಯಕ್ಕ ಕರೆದರು. “ಬನ್ನಿ. ಇಬ್ಬರೂ ಬನ್ನಿ.”

ಪರದೆಯ ಮೇಲೆ ಗೋದಾಮಿನ ಹೊರಗಿನ ಉದ್ದನೆಯ ಹಾದಿ. ಸರಕು ಇಳಿಸುವ ಜಾಗ, ಮೇಲೆ ತಗಡಿನ ಸೂರು. ಬಲಗಡೆ ಬಾಗಿಲು. ಎಂಟು ಹೆಜ್ಜೆ ಈಚೆ ಬೂದುಬಣ್ಣದ ಒಂದು ಗೊಂಬೆ, ಅದೇ ಕಾವಲುಗಾರ. ಎಚ್ಚರಿಕೆಯ ಗಂಟೆ ಹೊಡೆದದ್ದು ಸೊನ್ನೆ ಸೆಕೆಂಡು.

ಓಡಿಸಿದರು. ಹತ್ತನೇ ಸೆಕೆಂಡಿಗೆ ಸೂರು ಮಾಯವಾಯಿತು. ಹದಿನೈದಕ್ಕೆ ಗೋಡೆ. ಇಪ್ಪತ್ತಕ್ಕೆ ಬಾಗಿಲು ಎಲ್ಲಿದೆ ಎಂದು ಗೊತ್ತಿದ್ದ ನನಗೂ ಬಾಗಿಲು ಸಿಗಲಿಲ್ಲ. ಅಂಗಡಿಯವನ ಫೋಟೋ ಪಕ್ಕಕ್ಕೆ ಹಿಡಿದೆ. ಅವಳಿ ಜವಳಿ.

ಟೈಲರ್ ಬಾಯಿಗೆ ಕೈ ಅಡ್ಡ ಹಿಡಿದಳು. “ಅಪ್ಪಾ,” ಎಂದಳು, ಅಷ್ಟೇ.

ಸಾಕಾಗಿತ್ತು. ವಕೀಲರಿಗೆ ಇಷ್ಟೇ ಸಾಕಾಗಿತ್ತು. ಡ್ರೈವಿಗೆ ಹಾಕಿಕೊಡಿ ಎಂದೆ. ಹೊಗೆಯಕ್ಕ ಹಾಕತೊಡಗಿದರು. ಪರದೆಯಲ್ಲಿ ಆ ಒಂದು ನಿಮಿಷ ತನ್ನಷ್ಟಕ್ಕೆ ಮತ್ತೆ ಮೊದಲಿಂದ ಓಡುತ್ತಿತ್ತು.

“ತಡೀರಿ,” ಎಂದಳು ಟೈಲರ್. “ಹಿಂದಕ್ಕೆ ಹೋಗಿ. ಅಲ್ಲಿ ಕತ್ತರಿಸಿದ್ಯಾರು?”

“ಏನು ಕತ್ತರಿಸೋದು?”

“ಹೊಗೇನ.” ಪರದೆಗೆ ಬೆರಳು ತಾಗಿಸಿದಳು. “ನೋಡಿ ಇಲ್ಲಿ. ಬಟ್ಟೆಯಿಂದ ಅಂಗಿ ಕತ್ತರಿಸಿ ತೆಗೆದ ಮೇಲೆ ಉಳಿಯೋ ಬಟ್ಟೆ ಇರತ್ತಲ್ಲ? ಅಂಗಿ ನೋಡದೇನೇ ಅದು ದೊಡ್ಡೋರದಾ ಚಿಕ್ಕೋರದಾ ಹೇಳಬಹುದು. ಇದು ಹೆಗಲು. ಇದು ತೋಳು, ಚಾಚಿದೆ. ಇದು ತಲೆ.”

ಮೊದಲು ನನಗೆ ಕಾಣಲಿಲ್ಲ. ಒಮ್ಮೆ ಕಂಡ ಮೇಲೆ ಬೇರೇನೂ ಕಾಣಲಿಲ್ಲ. ಬಾಗಿಲಿನ ಮುಂದೆ, ಕಪ್ಪು ಹೊಗೆಯ ನಡುವೆ, ಹೊಗೆಯೇ ಇಲ್ಲದ ಒಂದು ಜಾಗ. ಮನುಷ್ಯನ ಆಕಾರದ್ದು. ಹೊಗೆ ಅದನ್ನು ಬಳಸಿಕೊಂಡು ಹೋಗುತ್ತಿತ್ತು, ಹೊಳೆಯ ನೀರು ಕಲ್ಲನ್ನು ಬಳಸುವ ಹಾಗೆ.

“ಮತ್ತೆ ಈ ಬಾಗಿಲು ಮುಚ್ಚಿದೆ ತಾನೇ?” ಎಂದಳು. “ಮುಚ್ಚಿದ ಬಾಗಿಲ ಮಧ್ಯದಿಂದ ಹೊಗೆ ಹೇಗೆ ಬರ್ತಿದೆ?”

ಬರುತ್ತಿತ್ತು. ಗಟ್ಟಿ ಬಾಗಿಲನ್ನು ತೂರಿಕೊಂಡು ಬರುತ್ತಿತ್ತು. ಇಪ್ಪತ್ತಮೂರನೇ ಸೆಕೆಂಡಿಗೆ ಥಟ್ಟನೆ ನಿಂತಿತು. ಆ ಖಾಲಿ ಆಕಾರ ಬಾಗಿಲಿಂದ ಬಲಕ್ಕೆ ಸರಿದು ಹೊರಟುಹೋಯಿತು.

ನಾನು ಹೊಗೆಯಕ್ಕನ ಮುಖ ನೋಡಿದೆ. ಬಿಳಿಚಿಕೊಂಡಿತ್ತು.

“ಅಕ್ಕ?”

“ನಿಮ್ಮ ಆಫೀಸಿಂದ ಪಟ್ಟಿ ಬಂದಿತ್ತು,” ಎಂದರು. “ಯಾರ್ಯಾರು ಎಲ್ಲೆಲ್ಲಿ ನಿಂತಿದ್ರು ಅಂತ. ಮೊದಲ ಪಟ್ಟೀಲಿ ಇಬ್ಬರು. ಇಬ್ಬರನ್ನೂ ಇಟ್ಟು ಮೂರು ದಿನ ಲೆಕ್ಕ ಹಾಕ್ಸಿದೆ. ಅದು ಮುಗಿದ ಮಾರನೇ ದಿನ ಇನ್ನೊಂದು ಪಟ್ಟಿ ಬಂತು. ‘ಒಬ್ಬನೇ ವ್ಯಕ್ತಿ, ಬಾಗಿಲು ಮೊದಲಿಂದ ಮುಚ್ಚಿತ್ತು’ ಅಂತ. ಟೈಮ್ ಎಲ್ಲಿತ್ತು? ಎರಡನೇ ಗೊಂಬೆ ಅಳಿಸಿದೆ, ಬಾಗಿಲು ಮುಚ್ಚಿದೆ. ಹೊಗೆ ಲೆಕ್ಕ ಮತ್ತೆ ಹಾಕ್ಸಲಿಲ್ಲ. ಯಾರಿಗೆ ಕಾಣತ್ತೆ ಅಂದ್ಕೊಂಡೆ.”

ಯಾರಿಗೂ ಕಾಣಲಿಲ್ಲ. ನಾಲ್ಕು ಕೋಟಿ ಕಣದಲ್ಲಿ ಆ ಮನುಷ್ಯ ಇರಲೇ ಇಲ್ಲ. ನಲವತ್ತು ಕೋಟಿಯಲ್ಲಿ ಬಂದು ನಿಂತ.

“ಮೊದಲ ಪಟ್ಟಿ ಇದೆಯಾ?”

ಇತ್ತು. ಯಾವುದನ್ನೂ ಅಳಿಸುವವರಲ್ಲ ಹೊಗೆಯಕ್ಕ. ‘ಎರಡನೇ ವ್ಯಕ್ತಿ: ಎತ್ತರ ಐದು ಅಡಿ ಹನ್ನೊಂದು ಅಂಗುಲ. ಹನ್ನೆರಡನೇ ಸೆಕೆಂಡಿಗೆ ತೆರೆದ ಬಾಗಿಲ ಬಳಿ. ಇಪ್ಪತ್ತಮೂರಕ್ಕೆ ಬಾಗಿಲು ಮುಚ್ಚಿ, ಹೊರಗಿಂದ ಚಿಲಕ ಹಾಕಿ, ಬಲಕ್ಕೆ.’

ಹೆಸರಿರಲಿಲ್ಲ. ಆದರೆ ಸೆಕೆಂಡು ಸಮೇತ ಬರೆಯುವುದು ನೋಡಿದವರಿಗೆ ಮಾತ್ರ ಸಾಧ್ಯ, ಇಲ್ಲವೇ ನೋಡಿದವರ ಬಾಯಿಂದ ಕೇಳಿದವರಿಗೆ. ಕಳಿಸಿದವರ ಜಾಗದಲ್ಲಿ ಮಾವನ ಮೇಲ್ ವಿಳಾಸ. ಎರಡೂ ಪಟ್ಟಿಯಲ್ಲಿ.

ತನಿಖೆಯಲ್ಲಿ ನಾನೂ ಇದ್ದೆನಲ್ಲ! ನನಗೆ ತೋರಿಸಿದ್ದು ಎರಡನೆಯದು ಮಾತ್ರ.

ಫೋನ್ ತೆಗೆದೆ. ಮಾವನ ನಂಬರ್ ಒತ್ತಿ, ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದೆ. ಎರಡನೇ ರಿಂಗಿಗೇ ಮಾವ ಎತ್ತಿದರು.

“ಏನ್ ಪುಟ್ಟಿ, ಎಲ್ಲಿದೀಯ? ಊಟ ಆಯ್ತಾ? ಮೂರಕ್ಕೆ ಕೋರ್ಟಲ್ಲಿ ಇರ್ಬೇಕು, ನೆನಪಿದೆ ತಾನೇ?”

“ಮಾವ, ಬಾಗಿಲ ಹತ್ರ ಇದ್ದದ್ದು ಇಬ್ಬರು.”

ಆ ಕಡೆ ಕುರ್ಚಿ ಕಿರುಗುಟ್ಟಿತು. ಮಾವ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರೆಂದು ಕಾಣುತ್ತದೆ.

“ಎಲ್ಲಿ ಸಿಕ್ತು ನಿಂಗೆ ಅದು?”

“ಹೊಗೇಲಿ.”

“ತಮಾಷೆ ಮಾಡೋ ಹೊತ್ತಲ್ಲ ಪುಟ್ಟಿ.”

“ನಾನೂ ಮಾಡ್ತಿಲ್ಲ. ಯಾರು ಮಾವ ಅವನು? ಚಿಲಕ ಯಾಕೆ ಹಾಕ್ದ?”

ಮಾವ ಉಸಿರು ಬಿಟ್ಟರು. ನನಗೆ ಸೈಕಲ್ ಕಲಿಸುವಾಗ, ನಾನು ಬಿದ್ದಾಗಲೆಲ್ಲ ಹಾಗೇ ಬಿಡುತ್ತಿದ್ದರು.

“ಬೆಂಕಿ ಬಿತ್ತು, ಏನ್ ಮಾಡ್ಲಿ ಅಂತ ಅವನು ಫೋನ್ ಮಾಡ್ದ, ಚಿಲಕ ಹಾಕು ಅಂದಿದ್ದು ನಾನೇ ಕಣಮ್ಮ. ಬೆಂಕಿಗೆ ಗಾಳಿ ಸಿಕ್ಕಿದ್ರೆ ಅರ್ಧ ಬೀದಿ ಹೋಗತ್ತೆ. ಮೊದಲು ಬಾಗಿಲು ಮುಚ್ಚಿ ಅಂತ ಮೂವತ್ತು ವರ್ಷದಿಂದ ಎಲ್ಲರಿಗೂ ಹೇಳ್ಕೊಂಡು ಬಂದೋನು ನಾನು. ಅವನಿಗೂ ಹೇಳ್ದೆ. ಒಳಗೆ ಜನ ಇದಾರೆ ಅಂತ ಅವನಿಗೆ ಗೊತ್ತಿರ್ಲಿಲ್ಲ. ಅವನ ಮೇಲೆ ಯಾವ ಪಾಪಾನೂ ಇಲ್ಲ.”

“ನಿಮಗೆ?”

ಪಕ್ಕದ ಕೋಣೆಯ ಫ್ಯಾನುಗಳು ನಿಂತಿದ್ದವು. ಅವು ಯಾವಾಗ ನಿಂತವೋ.

“ನಂಗೆ ಗೊತ್ತಿತ್ತು,” ಎಂದರು ಮಾವ.

ಟೈಲರ್ ಮೇಜಿನ ಮೇಲೆ ಬಗ್ಗಿದಳು. ಫೋನಿಗೆ ಬಾಯಿ ಹತ್ತಿರ ತಂದು, ಗಿರಾಕಿಯ ಜತೆ ಮಾತಾಡುವಷ್ಟು ಮರ್ಯಾದೆಯಿಂದ ಕೇಳಿದಳು:

“ಸರ್, ನಾನು ಗೇಟಿನವರ ಮಗಳು. ಈ ಮಾತನ್ನ ಮೂರು ಗಂಟೆಗೆ ಬಂದು ಹೇಳ್ತೀರಾ? ಅಥವಾ ನಿಮ್ಮ ಸೊಸೆ ಹೇಳ್ಬೇಕಾ?”

ಆಮೇಲೆ ಬಂದ ಧ್ವನಿ ನನ್ನ ಮಾವನದಲ್ಲ, ಆಫೀಸಿನ ದೊಡ್ಡ ಸಾಹೇಬರದು.

“ಬರ್ತೀನಮ್ಮ, ಯಾಕೆ ಬರಲ್ಲ? ಬಂದು, ಇಂಥ ಫೋನೇ ನನಗೆ ಬಂದಿಲ್ಲ ಅಂತೀನಿ. ಪಟ್ಟಿ, ವಿಡಿಯೋ, ವರದಿ, ಎಲ್ಲಾ ನೋಡ್ಕೊಂಡಿದ್ದು ನನ್ನ ಸೊಸೆ. ನನ್ನ ಮೇಲ್ ನೋಡೋದೂ ಅವಳೇ. ವರದಿಗೆ ಸಹಿ ಯಾರದು, ಅವಳನ್ನೇ ಕೇಳು.”

ಕಟ್ಟಾಯಿತು.

ಮಾವನ ಮೇಲ್ ನೋಡುವವಳು ನಾನೇ, ನಿಜ. ಪಾಸ್‌ವರ್ಡ್ ಇರುವುದು ನಮ್ಮಿಬ್ಬರ ಬಳಿ ಮಾತ್ರ, ಅದೂ ನಿಜ. ಆ ಎರಡು ಪಟ್ಟಿಗಳನ್ನು ಕಳಿಸಿದ್ದು ನಾನಲ್ಲ ಎಂದು ನನಗೆ ಗೊತ್ತು. ಇನ್ನು ಯಾರಿಗೆ ಗೊತ್ತು?

ಹೊಗೆಯಕ್ಕ ಡ್ರೈವ್ ಕಿತ್ತು ನನ್ನ ಕಡೆ ಚಾಚಿದರು. ಎರಡು ಗಂಟೆ ಹದಿನೆಂಟು ನಿಮಿಷ. ಕೋರ್ಟಿಗೆ ಇಪ್ಪತ್ತು ನಿಮಿಷದ ದಾರಿ. ಇದನ್ನು ಕೊಟ್ಟರೆ ಕಾವಲುಗಾರ ಕೇಸಿನಿಂದ ಹೊರಗೆ ಬರುತ್ತಾನೆ, ಅವನು ನಿಂತಿದ್ದ ಕಟಕಟೆಗೆ ನಾನು ಹತ್ತಬೇಕಾಗುತ್ತದೆ.

ಕೈ ಚಾಚಲು ನಾನು ತಡ ಮಾಡಿದ್ದು ಒಂದೇ ಉಸಿರಿನಷ್ಟು. ಅಷ್ಟನ್ನೂ ಟೈಲರ್ ನೋಡಿದಳು.

ಡ್ರೈವನ್ನು ಅವಳೇ ತೆಗೆದುಕೊಂಡು ಸೊಂಟದ ಚೀಲಕ್ಕೆ ಹಾಕಿ ಗಂಟು ಬಿಗಿದಳು.

“ಇದು ನನ್ನ ಹತ್ರ ಇರ್ಲಿ,” ಎಂದಳು. “ನೀವು ಬರ್ತೀರೋ ಇಲ್ವೋ, ಮೆಟ್ಟಿಲು ಇಳಿಯೋದ್ರೊಳಗೆ ಹೇಳಿ.”

ಮೂರು ಮಹಡಿ. ಅವಳು ಆಗಲೇ ಇಳಿಯತೊಡಗಿದ್ದಳು.